ಪೈಸೆ ಖರ್ಚಿಲ್ಲದ ಆಮದು ಪ್ರದರ್ಶನ

ಗದಗ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಸಂಕಮ್ಮ ಎಂಬ ಗುಮಾಸ್ತೆ ಇದ್ದಳು. ಅವಳ ಮೇಲಧಿಕಾರಿ ತೋಟಪ್ಪ ಸಾಹೇಬರು. ಮೇಲಧಿಕಾರಿ ಅಂದರೆ ಕೆಲಸ ಹೇಳುವವರು, ಮಾಡುವವರಲ್ಲ.

ಒಂದು ದಿನ ಸಾಹೇಬರು ಗುಡುಗಿದರು. “ನಾಳೆ ಮಂತ್ರಿಗಳು ಬರ್ತಾರ. ನಮ್ಮ ದೇಶ ಹೊರದೇಶದಿಂದ ಮುಖ್ಯವಾಗಿ ಏನೇನು ತರಿಸ್ತದ ಅಂತ ಪ್ರದರ್ಶನ ಇಡ್ರಿ. ಎಲ್ಲಾ ಅಸಲಿ ಇರಬೇಕು. ಪೈಸಾ ಖರ್ಚಾಗಬಾರದು. ಇಲ್ಲಂದ್ರ ನಿಮ್ಮ ರಜಾ ರದ್ದು!”

ಸಂಕಮ್ಮ ಆಗಲೇ ರಜೆ ಕೇಳಿದ್ದಳು. ಆ ರಜೆ ತಂಗಿಯ ಮದುವೆಗೆ ಬೇಕಿತ್ತು. ತಂಗಿ ಅಂದರೆ ಒಬ್ಬಳೇ ತಂಗಿ, ಮದುವೆಯೂ ಒಂದೇ ಸಲ.

ಮರುದಿನ ಅವಳು ವೇದಿಕೆಯ ಮೇಲೆ ಒಂದೇ ಒಂದು ಕುರ್ಚಿ ಹಾಕಿದಳು. “ಸಾಹೇಬ್ರ, ಇಲ್ಲಿ ಕುಂದರ್ರಿ. ಫೋಟೋ ಚಲೋ ಬರ್ತದ.”

ಫೋಟೋ ಅಂದ ಕೂಡಲೇ ಸಾಹೇಬರು ಕೂತರು. ಮಂತ್ರಿಗಳ ಕಾರು ಗೇಟಿಗೆ ಬಂದಾಗ ಸಂಕಮ್ಮ ಸರಸರನೆ ಚೀಟಿ ಅಂಟಿಸಿದಳು. ಉಂಗುರದ ಬೆರಳಿಗೆ ‘ಚಿನ್ನ’. ಕೈಯಲ್ಲಿದ್ದ ಮೊಬೈಲಿಗೆ ‘ಎಲೆಕ್ಟ್ರಾನಿಕ್ಸ್’. ಕಾರಿನ ಕೀಲಿ ಇದ್ದ ಜೇಬಿಗೆ ‘ಕಚ್ಚಾ ತೈಲ’. ಬೆಳಿಗ್ಗೆ ಎಂಟು ಮಿರ್ಚಿ ಭಜಿ ಇಳಿದಿದ್ದ ಹೊಟ್ಟೆಗೆ ‘ತಾಳೆ ಎಣ್ಣೆ’.

“ಏನ್ರೀ ಇದು, ಸಂಕಮ್ಮ!”

“ಅಲುಗಾಡಬ್ಯಾಡ್ರಿ ಸಾಹೇಬ್ರ, ಎಣ್ಣಿ ಚೆಲ್ತದ.”

ಮಂತ್ರಿಗಳು ಎಲ್ಲ ಚೀಟಿ ಓದಿದರು. ಹೊಟ್ಟೆಯದನ್ನು ಎರಡು ಸಲ ಓದಿದರು. “ಶಹಬ್ಬಾಸ್! ಇಷ್ಟು ಸರಳವಾಗಿ ಯಾರೂ ತಿಳಿಸಿರಲಿಲ್ಲ. ಯಾರ ಯೋಚನೆ ಇದು?”

ಬೈಯಲು ಬಾಯಿ ತೆರೆದಿದ್ದ ಸಾಹೇಬರು ಎದೆಯುಬ್ಬಿಸಿದರು. “ನಂದೇ, ಸರ್.”

“ಹಾಗಾದರೆ ಈ ಪ್ರದರ್ಶನ ಇವತ್ತಿನಿಂದಲೇ ಎಲ್ಲ ಜಿಲ್ಲೆಗೂ ಹೋಗಲಿ!”

ಸಾಹೇಬರನ್ನು ಕುರ್ಚಿ ಸಮೇತ ಜೀಪು ಹತ್ತಿಸುವಾಗ ಸಂಕಮ್ಮ ರಜೆಯ ಅರ್ಜಿ ಮುಂದೆ ಹಿಡಿದಳು. ಸಾಹೇಬರು ಹಲ್ಲು ಕಡಿಯುತ್ತ ಸಹಿ ಹಾಕಿದರು. “ಎಷ್ಟು ದಿನ ಬೇಕು?”

“ನೀವು ಎಲ್ಲಾ ಜಿಲ್ಲಾ ಮುಗಿಸಿ ಬರೋತನಕ ಸಾಕ್ರಿ.”