ಸಹಿ ಇಲ್ಲದ ಚೀಟಿ

ಗುರುಗಳ ಸಹಿ ಇಲ್ಲದ ಚೀಟಿಯನ್ನು ನಂಬಿ ಆಶ್ರಮದಲ್ಲಿ ಯಾರೂ ಏನನ್ನೂ ಬದಲಿಸಬಾರದು. ನಿಯಮ ಇಷ್ಟೇ. ಒಂದು ಬೆಳಿಗ್ಗೆ ಹೆಚ್ಚುಕಮ್ಮಿ ಎಲ್ಲರೂ ಅದನ್ನು ಮುರಿದರು.

ಆಶ್ರಮದವರು ಮಾಡಿದ, ತಾಳೆಗರಿ ಓದುವ ತಂತ್ರಾಂಶ ನಲವತ್ತು ಮಠಗಳ ಕಂಪ್ಯೂಟರುಗಳಲ್ಲಿತ್ತು. ಮಠಗಳ ಹತ್ತು ವರ್ಷದ ಓದೆಲ್ಲ ಅದರೊಳಗೇ ಇತ್ತು. ಹೊಸ ಆವೃತ್ತಿ ಬಂದರೆ ಅದು ತಾನೇ ಹಾಕಿಕೊಳ್ಳುವಂತೆ ಶಿಷ್ಯ ಚಿದಂಬರ ಒಂದು ಪ್ರೋಗ್ರಾಂ ಬರೆದಿದ್ದ. ಅಂದು ಸಂಜೆ ಅದನ್ನು ಎಲ್ಲ ಮಠಗಳಿಗೂ ಕಳಿಸುವವನಿದ್ದ; ಬೆಳಿಗ್ಗೆಯೇ ಗುರುಗಳಿಗೆ ವಿವರಿಸುತ್ತಿದ್ದ.

"ದಿನಕ್ಕೊಮ್ಮೆ ನೋಡುತ್ತೆ, ಬುದ್ಧಿ. ಹೊಸದಿದ್ದರೆ ಇಳಿಸಿಕೊಂಡು ಹಳೆಯದನ್ನು ಅಳಿಸುತ್ತೆ. ಯಾರನ್ನೂ ಕೇಳೋದೇ ಬೇಡ."

"ಕಳಿಸಿದವರು ನಾವೇ ಅಂತ ಅದಕ್ಕೆ ಹೇಗೆ ಗೊತ್ತು?"

"ನಮ್ಮ ಹೆಸರಿರುತ್ತಲ್ಲ."

"ಹೆಸರನ್ನು ಯಾರು ಬೇಕಾದರೂ ಬರೀಬಹುದು."

"ತಾಳೆಗರಿಗೆ ಯಾರು ಬುದ್ಧಿ ಕಣ್ಣು ಹಾಕ್ತಾರೆ?"

ಗುರುಗಳು ನಕ್ಕು ಎದ್ದು ಹೋದರು.

ಒಂಬತ್ತು ಗಂಟೆಗೆ ಸೂಚನಾ ಫಲಕದ ಮೇಲೆ ಒಂದು ಚೀಟಿ ಕಂಡಿತು. 'ಗುರುಗಳ ಅಪ್ಪಣೆ: ಎಲ್ಲರೂ ಹಾಸಿಗೆ ಹೊತ್ತು ನದಿಯ ದಡಕ್ಕೆ ಬರತಕ್ಕದ್ದು. ಅಡುಗೆಮನೆಯ ಒಲೆ ಆರಿಸತಕ್ಕದ್ದು.' ಕೆಳಗೆ ಸಹಿ ಇರಲಿಲ್ಲ.

ಹತ್ತಕ್ಕೆಲ್ಲ ದಡದ ತುಂಬ ಹಾಸಿಗೆ. ಚಿದಂಬರ ದಿಂಬಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ಮಧ್ಯಾಹ್ನವಾಯಿತು. ಹೊಟ್ಟೆಗಳು ಚುರುಗುಟ್ಟತೊಡಗಿದವು. ಆಗ ಗುರುಗಳು ಬಂದರು.

"ಏನಯ್ಯ ಇದು, ಹಾಸಿಗೆ ಸಂತೆ?"

"ನಿಮ್ಮದೇ ಅಪ್ಪಣೆ, ಬುದ್ಧಿ."

"ನನ್ನದು ಅಂತ ಯಾರು ಹೇಳಿದರು?"

"ಚೀಟಿಯಲ್ಲಿ ನಿಮ್ಮ ಹೆಸರು..." ಚಿದಂಬರ ದಿಂಬಿನ ಮೇಲಿನ ಕಂಪ್ಯೂಟರ್ ಮುಚ್ಚಿದ.

ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಒಗ್ಗರಣೆಯ ವಾಸನೆ ಬಂತು. ಇಬ್ಬರೂ ಅತ್ತ ನಡೆದರು. ಅಡುಗೆಯ ಶಿವಮ್ಮಣ್ಣಿ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದರು.

"ಚೀಟಿ ನೋಡಲಿಲ್ಲವಾ, ತಾಯಿ?"

"ನೋಡ್ದೆ, ಬುದ್ಧಿ. ಸಹಿ ಇರ್ನಿಲ್ಲ. ಹಾಸಿಗೆ ಹೊತ್ಕೊಂಡು ಹೋಗೋರ್ನೂ ನೋಡ್ದೆ. ಓದಿದೋರು, ಏನೋ ಇರಬೇಕು ಅನ್ಕೊಂಡೆ."

ಚಿದಂಬರ ತಲೆ ಕೆರೆದುಕೊಂಡ. "ಬುದ್ಧಿ, ಇವತ್ತು ಕಳಿಸಲ್ಲ. ಸಹಿ ನೋಡದೆ ಏನನ್ನೂ ಒಳಗೆ ಬಿಡದ ಹಾಗೆ ತಿದ್ದುತ್ತೀನಿ. ನಾಲ್ಕು ದಿನ ಬೇಕು."

"ತುಂಬ ಅವಸರ, ಈ ಒಂದು ಸಲ ಬಿಡು ಅಂತ ನಾನೇ ಹೇಳಿದರೆ?"

ಚಿದಂಬರ ಶಿವಮ್ಮಣ್ಣಿಯ ಮುಖ ನೋಡಿದ.

ಗುರುಗಳು ಒಲೆಯ ಕಡೆ ತಿರುಗಿದರು. "ಶಿವಮ್ಮಣ್ಣಿ, ಆ ಚೀಟಿ ಬರೆದವನು ನಾನೇ. ಒಲೆ ಆರಿಸಿ."

"ಸಹಿ ಹಾಕ್ಕೊಡಿ, ಬುದ್ಧಿ," ಎಂದು ಶಿವಮ್ಮಣ್ಣಿ ಒಲೆಗೆ ಇನ್ನೊಂದು ಸೌದೆ ತಳ್ಳಿದರು.