ಅಡಿಹಲಗೆಯ ಸಂದಿ

"ಗುರುಗಳೇ, ಬಡವನಿಗೆ ಬೇಕಾದುದು ನನ್ನ ಕೆಲಸ. ಮಾಡುವಾಗ ನನ್ನ ಮನಸ್ಸು ಹೇಗಿದ್ದರೆ ಅವನಿಗೇನು?"

ಮಿಷನ್ನಿನ ಸೇವೆಗೆ ಹೊರಟು ನಿಂತಿದ್ದ ಶಿಷ್ಯ ಹೀಗೆ ಕೇಳಿದ. ವೃದ್ಧ ಪಾದ್ರಿಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಅಳಿವೆಯ ದಡದಲ್ಲಿ ಒಂದು ಮಿಷನ್ ಇತ್ತು. ಅಲ್ಲಿ ಮುರಿದ ದೋಣಿಗಳನ್ನು ರಿಪೇರಿ ಮಾಡಿ, ಕೆಲವನ್ನು ಹೊಸದಾಗಿಯೇ ಕಟ್ಟಿ, ಗತಿಯಿಲ್ಲದವರಿಗೆ ಧರ್ಮಕ್ಕೆ ಕೊಡುತ್ತಿದ್ದರು. ಕೆಲಸ ಒಬ್ಬ ಬಡಗಿಯದು. ಅವನ ಕೈ ದಾಟಿ ಹೋದ ದೋಣಿ ಸೋರುವುದಿಲ್ಲವೆಂದು ಊರಿನವರ ನಂಬಿಕೆ.

ಬಡಗಿಯ ತಮ್ಮ ಸಮುದ್ರದಲ್ಲಿ ಸತ್ತಿದ್ದ. ಬಿರುಗಾಳಿಗೆ ದೋಣಿ ಮಗುಚಿದಾಗ ಜೊತೆಗಿದ್ದ ಮೀನುಗಾರ ಅವನ ಹಿಡಿತ ಬಿಡಿಸಿಕೊಂಡು ಒಬ್ಬನೇ ಈಜಿ ದಡ ಸೇರಿದ್ದ. ಬಡಗಿ ಇಗರ್ಜಿಯಲ್ಲಿ ಎಲ್ಲರ ಎದುರು ಆ ಮೀನುಗಾರನ ಕೈ ಹಿಡಿದು, "ಕ್ಷಮಿಸಿದ್ದೇನೆ" ಎಂದಿದ್ದ. ಊರೇ ಕಣ್ಣೊರೆಸಿಕೊಂಡಿತ್ತು. ಆಮೇಲೆ ಮಾತ್ರ ಬಡಗಿ ಆ ಮೀನುಗಾರನ ಮನೆಯ ಕಡೆ ಕಾಲಿಟ್ಟಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಅದೇ ಮೀನುಗಾರ ತನ್ನ ದೋಣಿಯನ್ನು ಮಿಷನ್ನಿಗೆ ಎಳೆಸಿಕೊಂಡು ಬಂದ. ಅಡಿ ಕೊಳೆತಿತ್ತು. ಮನೆಯಲ್ಲಿ ಒಲೆ ಹೊತ್ತದ ಸ್ಥಿತಿ.

"ಇದನ್ನು ಬೇರೆಯವರು ಮಾಡಲಿ" ಎಂದರು ಮಿಷನ್ನಿನ ಹಿರಿಯರು.

"ಯಾಕೆ? ನನಗೆ ಅವನ ಮೇಲೆ ಏನೂ ಇಲ್ಲ" ಎಂದ ಬಡಗಿ. ಆಡಿದ ಮಾತನ್ನು ಅವನು ನಂಬಿಯೂ ಇದ್ದ.

ಕೊಳೆತ ಹಲಗೆ ಕಿತ್ತು ಹೊಸದು ಕೂರಿಸಿದ. ನೀರು ನುಗ್ಗದಂತೆ ಸಂದಿಗಳಿಗೆ ಹತ್ತಿಯ ಹುರಿ ತುರುಕಿ ಮೇಲೆ ರಾಳ ಬಳಿದ. ನೋಡಿದವರು ಹೊಸ ದೋಣಿಯೇ ಎಂದರು. ಹಿರಿಯರು ಪ್ರಾರ್ಥನೆ ಮುಗಿಸಿದರು. ಮೀನುಗಾರ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕೂರಿಸಿಕೊಂಡು ಹುಟ್ಟು ಹಾಕುತ್ತಾ ದೂರ ಹೋದ.

ಬಡಗಿ ಹತಾರಗಳನ್ನು ಎತ್ತಿಡಲು ಚಪ್ಪರಕ್ಕೆ ಬಂದ. ನೆಲದ ಮೇಲೆ ಹತ್ತಿಯ ಹುರಿಯೊಂದು ಬಿದ್ದಿತ್ತು. ಅಡಿಹಲಗೆಯ ಸಂದಿಗೆಂದೇ ಅವನು ಅಳೆದು ಕತ್ತರಿಸಿದ್ದ ಹುರಿ. ಹಾಗಾದರೆ ಆ ಸಂದಿಯೊಳಗೆ ಏನೂ ಇರಲಿಲ್ಲ. ಮೇಲೆ ಬರೀ ರಾಳ.

ಬಡಗಿ ತನ್ನ ಕೈಗಳನ್ನು ನೋಡಿಕೊಂಡ. ಬೇರೆ ಯಾರದೋ ಕೈಗಳ ಹಾಗೆ ಕಂಡವು. ದೋಣಿ ಕೂಗು ಮುಟ್ಟದಷ್ಟು ದೂರ ಹೋಗಿತ್ತು. ಓಡಿಹೋಗಿ ಎದೆಮಟ್ಟದ ನೀರಿನಲ್ಲಿ ನಿಂತು ಎರಡೂ ಕೈ ಬೀಸತೊಡಗಿದ.

ದಡದಲ್ಲಿದ್ದವರು ಅನಾಹುತವನ್ನು ಊಹಿಸಿ ಬೇರೆ ದೋಣಿಯಲ್ಲಿ ಧಾವಿಸಿದರು. ಹೋಗಿ ಮುಟ್ಟುವಾಗ ಮೀನುಗಾರನ ದೋಣಿಯಲ್ಲಿ ಮೊಣಕಾಲುದ್ದ ನೀರು. ಗಂಡಹೆಂಡಿರು ಮೊಗೆದು ಮೊಗೆದು ಸೋತಿದ್ದರು. ಏನೂ ಅರಿಯದ ಮಗು ತಾಯಿಯ ಹೆಗಲ ಮೇಲಿಂದ ನಗುತ್ತಿತ್ತು.

ದಡಕ್ಕೆ ಬಂದವನೇ ಮೀನುಗಾರ ಬಡಗಿಯ ಕಾಲಿಗೆ ಬಿದ್ದ. "ಅಣ್ಣಾ, ನಿನ್ನ ತಮ್ಮನನ್ನು ನೀರಿನಲ್ಲಿ ಬಿಟ್ಟು ಬಂದವನು ನಾನು. ನೀನು ನನ್ನ ಮಗುವನ್ನು ಉಳಿಸಿದೆ" ಎಂದು ಅತ್ತ. ನೆರೆದವರೆಲ್ಲ ಬಡಗಿಯನ್ನು ಕೊಂಡಾಡಿದರು.

ಬಡಗಿ ಕಾಲನ್ನು ಹಿಂದಕ್ಕೆಳೆದುಕೊಂಡ. "ಆ ಸಂದಿಯನ್ನು ಹಾಗೇ ಬಿಟ್ಟವನು ನಾನು" ಎಂದ.

ಮೀನುಗಾರನ ಹೆಂಡತಿ ಮಗುವನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ಪಾದ್ರಿಗಳು ಕತೆ ನಿಲ್ಲಿಸಿದರು.

"ಅವನು ಮರೆತದ್ದೇ, ಗುರುಗಳೇ? ಅಥವಾ ಬೇಕೆಂದೇ ಬಿಟ್ಟದ್ದೇ?"

"ನೀರು ಅದನ್ನು ಕೇಳಲಿಲ್ಲ, ಮಗು. ಅವನ ಮನಸ್ಸು ಬಿಟ್ಟ ಸಂದಿಯಿಂದಲೇ ಒಳಗೆ ನುಗ್ಗಿತು."