ಗೀರವ್ವನ ಮನೆಯ ಇಬ್ಬರು ಕಾವಲುಗಾರರು

ಗೀರವ್ವ ಎಂಬ ಅಳಿಲು ತಪ್ಪು ಮಾಡಿದಳು. ಮನೆಗೆ ಹೊಸ ಕಾವಲು ತಂದಳು, ಹಳೆಯ ಕಾವಲನ್ನು ತೆಗೆಯಲಿಲ್ಲ. ಗೊತ್ತಿಲ್ಲದೆ ಆದ ತಪ್ಪಲ್ಲ ಇದು, ಮಕ್ಕಳೇ. ಬಿಡಿಸಿ ಹೇಳಿದರೂ ಕೇಳದೆ ಮಾಡಿದ ತಪ್ಪು. ಪಾಪದ ಅಳಿಲು ಎಂದು ಯಾರೂ ಅದನ್ನು ಮುಚ್ಚಿಹಾಕುವುದು ಬೇಡ.

ಕೆರೆಯ ದಂಡೆಯಲ್ಲಿ ಒಂದು ದೊಡ್ಡ ನೇರಳೆ ಮರ. ಅದರ ಪೊಟರೆಯಲ್ಲಿ ಗೀರವ್ವ ಮತ್ತು ಅವಳ ಎರಡು ಮರಿಗಳು ಇದ್ದವು. ಪೊಟರೆಯ ಮೂಲೆಯಲ್ಲಿ ಹೊಟ್ಟೆ ಉಬ್ಬಿದ ಹಳೆಯ ಕಂಪ್ಯೂಟರ್ ಒಂದು ಕೂತಿತ್ತು. ಗೀರವ್ವನ ಅಪ್ಪ ತಂದಿಟ್ಟದ್ದು. ಅಪ್ಪ ಈಗ ಇಲ್ಲ. ಅವನ ದನಿ ಮಾತ್ರ ಅದರೊಳಗೆ ಉಳಿದಿತ್ತು. ಯಾವ ಮರ ಯಾವಾಗ ಹಣ್ಣು ಬಿಡುತ್ತದೆ, ಯಾವ ಕೊಂಬೆಯ ಮೇಲೆ ಗಿಡುಗ ಕೂರುತ್ತದೆ ಎಂದು ಅವನೇ ಕಟ್ಟಿ ಹಾಡಿದ ಉದ್ದನೆಯ ಹಾಡು ಅದು.

ಮಳೆ ಹಿಡಿದ ಸಂಜೆಗಳಲ್ಲಿ ಯಾರೂ ಹೊರಗೆ ಹೋಗುವಂತಿರಲಿಲ್ಲ. ಆಗ ಅಕ್ಕಪಕ್ಕದವರೆಲ್ಲ ಪೊಟರೆಗೆ ಬಂದು ಒತ್ತೊತ್ತಾಗಿ ಕೂರುತ್ತಿದ್ದರು. ಒದ್ದೆ ರೆಕ್ಕೆಯ ವಾಸನೆ, ಹುರಿದ ಬೀಜದ ವಾಸನೆ, ನಡುವೆ ಅಪ್ಪನ ದನಿ. "ಆಲದ ಕೊಂಬೆ ಅಲ್ಲಾಡಿತೋ, ಅತ್ತಿಯ ಹಣ್ಣು ಕೆಂಪಾಯಿತೋ..." ಮರಿಗಳು ತಾತನನ್ನು ನೋಡಿರಲಿಲ್ಲ. ಆದರೂ ಅವನು ಹಾಡಿನ ನಡುವೆ ಕೆಮ್ಮುವ ಜಾಗ ಬಂದಾಗ ತಾವೂ ಕೆಮ್ಮಿ ನಗುತ್ತಿದ್ದವು.

ಕಂಪ್ಯೂಟರಿಗೂ ಕಳ್ಳರ ಕಾಟ ಇದೆ. ಕಣ್ಣಿಗೆ ಕಾಣದೆ ಒಳನುಗ್ಗಿ ಇದ್ದದ್ದನ್ನೆಲ್ಲ ಹಾಳು ಮಾಡುವ ಆ ಕಳ್ಳರಿಗೆ ವೈರಸ್ ಎಂದು ಹೆಸರು. ಅವರನ್ನು ತಡೆಯಲು ಅಪ್ಪ ಒಂದು ಆಂಟಿವೈರಸ್ ಹಾಕಿದ್ದ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಅದು "ಟಿಣ್" ಎನ್ನುತ್ತಿತ್ತು. ಅಪ್ಪ ಬಾಲ ನಿಮಿರಿಸಿ, "ಮನೆ ಭದ್ರ, ಇನ್ನು ತಿಂಡಿಗೆ ನಡೀರಿ" ಎನ್ನುತ್ತಿದ್ದ. ಆ ಸದ್ದು ಕೇಳಿದರೆ ಈಗಲೂ ಗೀರವ್ವನಿಗೆ ತಾನು ಅಂಗೈಯಷ್ಟು ಮರಿಯಾಗಿದ್ದ ದಿನಗಳು ನೆನಪಾಗುತ್ತಿದ್ದವು.

ಒಂದು ದಿನ ಕೆಳಗಿನ ಬಿಲದ ಮುಂಗುಸಿ ಚೂಪಣ್ಣ ಬಂದ. ಕೆರೆಯ ಸುತ್ತಲಿನ ಕಂಪ್ಯೂಟರುಗಳು ಕೆಟ್ಟರೆ ನೋಡುವವನು ಅವನೇ. ನಾಲಿಗೆ ಮಾತ್ರ ಒರಟು.

"ಏನವ್ವ ಗೀರವ್ವ, ಈ ಟಿಣ್ ಅನ್ನೋ ಮುದುಕನನ್ನು ಇನ್ನೂ ಸಾಕ್ತಿದ್ದೀಯಾ?"

"ಮುದುಕ ಅನ್ನಬೇಡ ಅಣ್ಣ. ಅಪ್ಪ ಹಾಕಿದ್ದು."

"ಹಾಕಿದಾಗ ಗಟ್ಟಿ ಇದ್ದ, ಇಲ್ಲ ಅಂದೋರ್ಯಾರು? ಇವನನ್ನು ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಮಳೆಗಾಲ ಆಯ್ತು. ಈಗಿನ ಕಳ್ಳರ ಮುಖವೇ ಇವನಿಗೆ ಗೊತ್ತಿಲ್ಲ. ಹೊಸದು ಕೊಡ್ತೀನಿ, ಹಾಕಿಕೋ. ಆದರೆ ಮೊದಲು ಹಳೇದನ್ನು ಬುಡಸಮೇತ ತೆಗಿ. ಇಬ್ಬರೂ ಒಂದೇ ಬಾಗಿಲಲ್ಲಿ ನಿಂತರೆ ಒಬ್ಬನನ್ನೊಬ್ಬ ಕಳ್ಳ ಅಂದುಕೊಂಡು ಹಿಡಿದಾಡ್ತಾರೆ."

"ಹೂಂ ಅಣ್ಣ."

"ಬರೀ ಹೂಂ ಅನ್ನಬೇಡ. ನಿಮ್ಮ ಕುಲದ ಬುದ್ಧಿ ನನಗೆ ಗೊತ್ತಿಲ್ವಾ? ಹುಳ ಹಿಡಿದ ಬೀಜವನ್ನೂ ಎಸೆಯೋರಲ್ಲ ನೀವು!"

ಅವನು ಹೋದ ಮೇಲೆ ಗೀರವ್ವ ಹೊಸದನ್ನು ಹಾಕಲು ಕೂತಳು. ಪರದೆಯೇ ಅವಳನ್ನು ಕೇಳಿತು: "ಇಲ್ಲಿ ಹಳೆಯ ಆಂಟಿವೈರಸ್ ಇದೆ. ಅದನ್ನು ತೆಗೆಯಲೇ?"

ಗೀರವ್ವನ ಕಾಲು ಗಾಳಿಯಲ್ಲೇ ನಿಂತಿತು. ಅಪ್ಪನ ನಿಮಿರಿದ ಬಾಲ ಕಣ್ಣ ಮುಂದೆ ಬಂತು. ಬೀಜ ಸಿಕ್ಕರೆ ಒಂದು ಕಡೆ ಹೂತು ಸುಮ್ಮನಾಗುವ ಅಳಿಲು ಎಲ್ಲಿದೆ? ಇನ್ನೊಂದು ಕಡೆಯೂ ಹೂತರೇ ಅದಕ್ಕೆ ಸಮಾಧಾನ. "ಒಬ್ಬನಿರೋ ಕಡೆ ಇಬ್ಬರಿರಲಿ, ಅಪ್ಪನದೂ ಇರಲಿ" ಎಂದುಕೊಂಡು ಅವಳು "ಬೇಡ" ಎಂಬುದನ್ನು ಒತ್ತಿದಳು.

ಮಾರನೆಯ ದಿನದಿಂದ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಅಪ್ಪನ ಹಾಡು ಎಳೆದೆಳೆದು ಬರುತ್ತಿತ್ತು.

"ಅವ್ವ, ತಾತನಿಗೆ ಜ್ವರ ಬಂದಿದೆಯಾ?" ಎಂದಿತು ದೊಡ್ಡ ಮರಿ.

"ಮಳೆಗೆ ಹಾಗೆ" ಎಂದಳು ಗೀರವ್ವ. ಮಳೆಗೆ ಅಂತೆ! ಕಾರಣ ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೇ.

ಆ ವಾರವೇ ಪಿಕಳಾರ ಹಕ್ಕಿ ಜುಟ್ಟಕ್ಕ ಕೊಕ್ಕಿನಲ್ಲಿ ಪೆನ್ ಡ್ರೈವ್ ಕಚ್ಚಿಕೊಂಡು ಬಂದಳು.

"ಗೀರವ್ವ, ನನ್ನ ಮರಿಗಳ ಫೋಟೋ ನೋಡೇ! ಮಾವಿನ ತೋಪಿನಲ್ಲಿ ತೆಗೆಸಿದ್ದು. ಎಲ್ಲರ ಮನೆಯಲ್ಲೂ ತೋರಿಸಿ ಆಯ್ತು, ನಿಮ್ಮದೊಂದೇ ಬಾಕಿ."

ಎಲ್ಲರ ಮನೆ ಸುತ್ತಿ ಬಂದ ಆ ಪೆನ್ ಡ್ರೈವಿನಲ್ಲಿ ಕಳ್ಳನೂ ಇದ್ದ. ಚುಚ್ಚಿದ ಕೂಡಲೇ ಹೊಸ ಕಾವಲು ಅವನನ್ನು ಹಿಡಿಯಲು ಎದ್ದಿತು. ತಾನು ಕಾಯುವ ಮನೆಯಲ್ಲಿ ಇವನ್ಯಾರು ಓಡಾಡುವವನು ಎಂದು ಹಳೆಯ ಕಾವಲು ಹೊಸದರ ಕೈ ಹಿಡಿಯಿತು. ನೀನೇ ಕಳ್ಳ ಎಂದು ಹೊಸದು ಹಳೆಯದರ ಕುತ್ತಿಗೆ ಹಿಡಿಯಿತು. ಪರದೆ ಕಲ್ಲಿನಂತೆ ನಿಂತುಬಿಟ್ಟಿತು. ಇಬ್ಬರೂ ಬಾಗಿಲಲ್ಲಿ ಗುದ್ದಾಡುತ್ತಿದ್ದಾಗ ಕಳ್ಳ ಆರಾಮಾಗಿ ಒಳಗೆ ನಡೆದ.

"ಅಯ್ಯೋ, ನನ್ನ ಮರಿಗಳು ಕಾಣಿಸ್ತಾನೇ ಇಲ್ಲವಲ್ಲೇ!" ಎಂದಳು ಜುಟ್ಟಕ್ಕ.

ಗೀರವ್ವ ಮರದಿಂದ ಧುಮುಕಿ ಚೂಪಣ್ಣನ ಬಿಲಕ್ಕೆ ಓಡಿದಳು. ಅವನು ಬಂದು ನೋಡಿ ಹಲ್ಲು ಕಡಿದ.

"ತೆಗಿ ಅಂದಿದ್ದೆ."

"ಅಪ್ಪ ಹಾಕಿದ್ದು ಅಣ್ಣ..."

"ನಿಮ್ಮಪ್ಪ ಅದನ್ನು ಹಾಕಿದ್ದು ಯಾತಕ್ಕೆ? ಹಾಡು ಉಳೀಲಿ ಅಂತ. ನೀನು ಕಾವಲನ್ನು ಉಳಿಸಿ ಹಾಡನ್ನು ಕೊಟ್ಟುಬಿಟ್ಟೆ."

ಅವನು ಹಳೆಯದನ್ನು ಬೇರುಸಹಿತ ಕಿತ್ತ. ಹೊಸದು ಒಂದೇ ಏಟಿಗೆ ಕಳ್ಳನನ್ನು ಹಿಡಿದುಹಾಕಿತು. ಕಂಪ್ಯೂಟರ್ ಮೊದಲಿಗಿಂತ ಚುರುಕಾಯಿತು. ಆದರೆ ಕಳ್ಳ ತಿಂದದ್ದು ಹಿಂದಕ್ಕೆ ಬರಲಿಲ್ಲ. ಹಾಡನ್ನು ಒತ್ತಿದರೆ ಗರಗರ ಸದ್ದಷ್ಟೇ.

ಅಂದು ಸಂಜೆಯೂ ಮಳೆ ಬಂತು. ಅಕ್ಕಪಕ್ಕದವರು ಬಂದು ಕೂತರು. ಮರಿಗಳು ತಾಯಿಯ ಬಾಲ ಹಿಡಿದು, "ನೀನೇ ಹಾಡವ್ವ" ಎಂದವು. ಗೀರವ್ವ ಗಂಟಲು ಸರಿಮಾಡಿಕೊಂಡಳು. "ಆಲದ ಕೊಂಬೆ ಅಲ್ಲಾಡಿತೋ, ಅತ್ತಿಯ ಹಣ್ಣು ಕೆಂಪಾಯಿತೋ..."

ಮುಂದಿನ ಸಾಲು ಅವಳಿಗೆ ಬರಲಿಲ್ಲ; ಕಂಪ್ಯೂಟರ್ ಹಾಡುತ್ತದಲ್ಲ ಎಂದು ಬಾಯಿಪಾಠ ಮಾಡಿರಲೇ ಇಲ್ಲ. ಕೂತವರಲ್ಲಿ ಯಾರಿಗೂ ಬರಲಿಲ್ಲ.

ನೀತಿ: ಕಾವಲು ಬದಲಿಸುವುದಾದರೆ ಪೂರ್ತಿ ಬದಲಿಸಬೇಕು, ಪ್ರೀತಿ ಎಂದು ಹಳೆಯದನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರೆ ಒಳಗಿನ ಪ್ರೀತಿಯ ವಸ್ತುವೇ ಕಳ್ಳನ ಪಾಲಾಗುತ್ತದೆ. ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಇಬ್ಬರು ನಿಂತಿದ್ದಾರೆಯೇ? ಓದಿ ಸುಮ್ಮನೆ ಕೂರಬೇಡಿ. ಏಳಿ, ದೊಡ್ಡವರನ್ನು ಕೈಹಿಡಿದು ಕರೆತನ್ನಿ, ಹಳೆಯದನ್ನು ಈಗಲೇ ತೆಗೆಸಿ.